ಕಡಿದ ನರಕ್ಕೊಂದು ಸೇತುವೆ



ಕೈಕಾಲುಗಳ ನರ ಕಡಿದರೆ ಮತ್ತೆ ಬೆಳೆಯಬಲ್ಲದು. ಆದರೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ತೋಳಿನ ಮೇಲ್ಭಾಗದಲ್ಲಿ ಕಡಿದ ನರ 50 ಸೆಂಟಿಮೀಟರ್ ದೂರದ ಅಂಗೈ ತಲುಪಲು 500 ದಿನ ಬೇಕು. ಸ್ನಾಯುಗಳು ಅಷ್ಟು ಕಾಲ ಕಾಯುವುದಿಲ್ಲ. ನರದ ಸಂಪರ್ಕವಿಲ್ಲದೆ ಸೊರಗುತ್ತಾ ಹೋಗಿ, ಒಂದೂವರೆ ವರ್ಷ ಕಳೆದರೆ ಚೇತರಿಸಿಕೊಳ್ಳುವುದು ಬಹಳ ಕಷ್ಟ.

ಕಡಿದ ತುದಿಗಳ ನಡುವೆ ಅಂತರ ಹೆಚ್ಚಿದ್ದರೆ ವೈದ್ಯರು ಸಾಮಾನ್ಯವಾಗಿ ರೋಗಿಯ ಕಾಲಿನಿಂದಲೇ ಒಂದು ನರ ತೆಗೆದು ಜೋಡಿಸುತ್ತಾರೆ. ಆಗ ಪಾದದ ಅಂಚು ಸ್ಪರ್ಶ ಕಳೆದುಕೊಳ್ಳುತ್ತದೆ.

ನರದ ಸಂದೇಶ ವಿದ್ಯುತ್ತಿನದು. ಹಾಗಾದರೆ ವಿದ್ಯುತ್ ಹರಿಯುವ ವಸ್ತುವಿನಿಂದಲೇ ಸೇತುವೆ ಕಟ್ಟಬಾರದೇಕೆ? ಪಾಲಿಮರ್‌ನಲ್ಲೂ ವಿದ್ಯುತ್ ಹರಿಯುವಂತೆ ಮಾಡಬಹುದೆಂದು 1977ರಲ್ಲಿ ತೋರಿಸಿದ ಹೀಗರ್, ಮ್ಯಾಕ್‌ಡಯರ್ಮಿಡ್ ಮತ್ತು ಶಿರಾಕಾವಾ ಅವರಿಗೆ 2000ದಲ್ಲಿ ನೊಬೆಲ್ ದೊರೆಯಿತು. 1997ರಲ್ಲಿ ಅಮೆರಿಕದ ಕ್ರಿಸ್ಟೀನ್ ಶ್ಮಿಟ್, ರಾಬರ್ಟ್ ಲ್ಯಾಂಗರ್ ಮತ್ತು ಸಂಗಡಿಗರು ಪಾಲಿಪಿರೋಲ್ ಎಂಬ ಇಂಥ ಪಾಲಿಮರ್ ಪದರದ ಮೇಲೆ ಇಲಿಯ ನರಕೋಶದಂಥ ಕೋಶಗಳನ್ನು ಬೆಳೆಸಿದರು. ವಿದ್ಯುತ್ ಹಾಯಿಸಿದಾಗ ಅವುಗಳ ಎಳೆಗಳು ಸುಮಾರು ಎರಡರಷ್ಟು ಉದ್ದ ಬೆಳೆದವು.

ತೊಡಕುಗಳೂ ಇವೆ. ಪಾಲಿಪಿರೋಲ್ ಪೆಡಸು, ದೇಹದಲ್ಲಿ ಸುಲಭವಾಗಿ ಕರಗದು. ಆದ್ದರಿಂದ ಜೆಲಟಿನ್, ಕೈಟೊಸಾನ್ ಮುಂತಾದವುಗಳೊಡನೆ ಬೆರೆಸಿ ನೋಡುತ್ತಿದ್ದಾರೆ. ಹೆಚ್ಚಿನ ಕೆಲಸ ಇನ್ನೂ ಪ್ರಯೋಗಶಾಲೆಯಲ್ಲಿ ಮತ್ತು ಪ್ರಾಣಿಗಳ ಮೇಲೆ ನಡೆಯುತ್ತಿದೆ.

ವಿದ್ಯಾರ್ಥಿಗಳೇ, ಈ ಸೇತುವೆಯನ್ನು ವೈದ್ಯರಷ್ಟೇ ಕಟ್ಟಲಾರರು. ರಸಾಯನಶಾಸ್ತ್ರ, ಭೌತಶಾಸ್ತ್ರ, ಜೀವಶಾಸ್ತ್ರ ಬಲ್ಲವರೂ ಜೊತೆಗೂಡಬೇಕು. ಮೆಡಿಕಲ್ ಸೀಟು ಸಿಗಲಿಲ್ಲವೆಂದು ಕೊರಗಬೇಡಿ. ರೋಗಿಯ ಕೈಗೆ ಬಲ ತರುವ ದಾರಿ ಬಿ.ಎಸ್ಸಿ. ತರಗತಿಯಿಂದಲೂ ಹೊರಡುತ್ತದೆ.