ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ನೋಡಿದ ಜಾಲತಾಣ

(ಶತಮಾನೋತ್ಸವದ ಅಂಗವಾಗಿ ಜರಗಿದ ಹಳೆವಿದ್ಯಾರ್ಥಿ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಶತಮಾನೋತ್ಸವದ ವೇದಿಕೆಯಲ್ಲಿ ಅಂಗಡಿ ಲೆಕ್ಕದ ತಂತ್ರಾಂಶದ ಮಾತೇಕೆ ಎಂದು ತಮಗೆ ಅನ್ನಿಸಬಹುದು. ಈ ಮಾತು ಕೊನೆಗೆ ನಮ್ಮ ಶಾಲೆಯಲ್ಲಿ ಕಲಿತ ಅಕ್ಷರಕ್ಕೇ ಬಂದು ಮುಟ್ಟುವುದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಪ್ರಾರ್ಥನೆ.

ನಮ್ಮ ಶಾಲೆಯಲ್ಲಿ ಕಲಿತ ತರುಣರೊಬ್ಬರು ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿದ್ದಾರೆ. ಸಣ್ಣ ವ್ಯಾಪಾರಿಗಳಿಗೆ ಬಿಲ್ಲು, ಬಾಕಿ, ತೆರಿಗೆಗಳ ಲೆಕ್ಕ ಬರೆದುಕೊಡುವ ತಂತ್ರಾಂಶವನ್ನು ತಯಾರಿಸುವುದು ಆ ಸಂಸ್ಥೆಯ ಕೆಲಸ. ಅದರ ಜಾಲತಾಣವನ್ನು ಹೊಸ ವಿನ್ಯಾಸದಲ್ಲಿ ರೂಪಿಸಿದ ಮೇಲೆ, ಊರಿನ ವ್ಯಾಪಾರಿಗಳ ಅಭಿಪ್ರಾಯ ಸಂಗ್ರಹಿಸಿ ಕೊಡಬೇಕೆಂದು ಅವರು ಹಳೆವಿದ್ಯಾರ್ಥಿಗಳಾದ ನಮ್ಮನ್ನು, ಅಂದರೆ ನಾವು ಮೂವರನ್ನು, ಕೇಳಿಕೊಂಡರು. ಅವರ ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು. ಕೇರಳದಿಂದ ಕನ್ನಡ ಪುಟಗಳನ್ನು ತೆರೆಯುವವರು ಇಲ್ಲವೆನ್ನುವಷ್ಟು ಕಡಿಮೆ. ಆದುದರಿಂದ ಇಲ್ಲಿಯವರಿಗೆ ಕನ್ನಡವನ್ನು ಕೈಬಿಡುವ ಆಲೋಚನೆ ನಡೆದಿದೆ ಎಂದು. ನಮ್ಮನ್ನು ಎಬ್ಬಿಸಿದ್ದು ಆ ಸಾಲು.

ಆ ತರುಣರು ಜಾಲತಾಣದ ಕೊಂಡಿಯನ್ನು ನಮ್ಮ ವಾಟ್ಸಾಪ್ ಬಳಗದಲ್ಲಿಯೂ ಹಾಕಿದ್ದರು. ದುಬಾಯಿಯಿಂದ ಬೆಂಗಳೂರಿನವರೆಗೆ ಮೆಚ್ಚುಗೆಯ ಹೆಬ್ಬೆರಳುಗಳು ಬಂದವು. ನೀಲಿಯ ಬದಲು ಹಸಿರು ಇರಲೆಂದು ಕೆಲವರು, ಇರುವ ನೀಲಿಯೇ ಸೊಗಸೆಂದು ಕೆಲವರು. ಹೊಗಳಿಕೆಗೆ ನಮ್ಮಲ್ಲಿ ಎಂದೂ ಬರವಿಲ್ಲ. ನಮ್ಮೂರಿನ ಹುಡುಗನ ಕೆಲಸವನ್ನು ತೋರಿಸಿ "ಹೇಗುಂಟು?" ಎಂದು ಕೇಳಿದರೆ "ಲಾಯ್ಕುಂಟು" ಎಂಬುದಲ್ಲದೆ ಬೇರೆ ಉತ್ತರ ಬರುವುದುಂಟೇ? ಅದು ಪ್ರೀತಿಯ ಮಾತು. ಆದರೆ ಅದನ್ನು ಇಟ್ಟುಕೊಂಡು ಜಾಲತಾಣವನ್ನು ತಿದ್ದಲು ಬರುವುದಿಲ್ಲ.

ಬೆಂಗಳೂರಿನ ಟ್ಯಾಲಿಯ ಕಥೆಯನ್ನು ಇಲ್ಲಿ ನೆನೆಯಬಹುದು. 1986ರಲ್ಲಿ ಅದು ಹುಟ್ಟಿದ್ದು, ತಮ್ಮ ವ್ಯಾಪಾರಕ್ಕೆ ಒಪ್ಪುವ ಲೆಕ್ಕದ ತಂತ್ರಾಂಶ ಸಿಗದ ಶ್ಯಾಮಸುಂದರ ಗೋಯೆಂಕಾ ಅವರು ಅದನ್ನು ಬರೆದುಕೊಡುವಂತೆ ಮಗ ಭರತ್ ಗೋಯೆಂಕಾ ಅವರಿಗೆ ಹೇಳಿದುದರಿಂದ. ಬಳಸುವವರು ತಂದೆ, ಬರೆಯುವವರು ಮಗ. ಇಬ್ಬರ ನಡುವೆ ಅಷ್ಟು ಹತ್ತಿರದ ಸಂಬಂಧ ಎಲ್ಲರಿಗೂ ದೊರೆಯದು. ದೊರೆಯದವರು ಬಳಸುವವರ ಬಳಿಗೇ ಹೋಗಬೇಕು. ಬಹಳ ಮಂದಿಯೂ ಬೇಕಿಲ್ಲ. ಜೇಕಬ್ ನೀಲ್ಸನ್ ಎಂಬ ತಜ್ಞರು 2000ದಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ, ಐವರು ಬಳಸುವುದನ್ನು ಗಮನವಿಟ್ಟು ನೋಡಿದರೆ ಹೆಚ್ಚಿನ ತೊಡಕುಗಳು ಕಣ್ಣಿಗೆ ಬೀಳುತ್ತವೆ ಎಂದು ಲೆಕ್ಕ ಸಹಿತ ತೋರಿಸಿದ್ದಾರೆ.

ಹಾಗೆ ನಾವು ತಲಪಾಡಿ, ಕುಂಜತ್ತೂರು, ಹೊಸಂಗಡಿ, ಉಪ್ಪಳಗಳಲ್ಲಿ ಐದು ಅಂಗಡಿಗಳನ್ನು ಆರಿಸಿಕೊಂಡೆವು: ಎರಡು ಜೀನಸಿನ ಅಂಗಡಿ, ಒಂದು ಬಟ್ಟೆಯದು, ಒಂದು ಹಾರ್ಡ್‌ವೇರ್, ಒಂದು ಅಡಿಕೆ ವ್ಯಾಪಾರ. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಹೊತ್ತಿಗೆ ಹೋಗಿ, ಅವರವರ ಮೊಬೈಲಿನಲ್ಲೇ ಜಾಲತಾಣವನ್ನು ತೆರೆಯಲು ಹೇಳಿದೆವು. ಅಭಿಪ್ರಾಯ ಕೇಳಲಿಲ್ಲ. ಎರಡು ಕೆಲಸ ಕೊಟ್ಟೆವು. ವರ್ಷಕ್ಕೆ ಎಷ್ಟು ಹಣ ಕೊಡಬೇಕೆಂದು ಹುಡುಕಿ. ಮಂಗಳೂರಿನಿಂದ ತಂದ ಸಾಮಾನಿನ ಬಿಲ್ಲನ್ನು ಇದರಲ್ಲಿ ಬರೆಯುವುದು ಹೇಗೆಂದು ಹುಡುಕಿ. ಬಳಿಕ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಬಾಯಿ ಮುಚ್ಚಿ ಕುಳಿತೆವು. ಇಡೀ ಕೆಲಸದಲ್ಲಿ ಕಷ್ಟದ್ದೆಂದರೆ ಇದೇ. ಹಿರಿಯರೊಬ್ಬರು ತಪ್ಪು ಗುಂಡಿಯನ್ನು ಮೂರನೆಯ ಸಲ ಒತ್ತುವಾಗ "ಮಾವ, ಇಲ್ಲಿ ನೋಡಿ" ಎನ್ನಲು ನಾಲಗೆ ತುರಿಸುತ್ತದೆ.

ಐದು ಮೊಬೈಲುಗಳಲ್ಲಿಯೂ ತೆರೆದುಕೊಂಡದ್ದು ಮಲಯಾಳ ಪುಟ. ಕಾರಣ ಸರಳ. ಹೊಸ ವಿನ್ಯಾಸದಲ್ಲಿ, ಬಂದವರ ಅಂತರ್ಜಾಲ ವಿಳಾಸದಿಂದ ರಾಜ್ಯವನ್ನು ಊಹಿಸಿ, ಆ ರಾಜ್ಯದ ಭಾಷೆಯನ್ನು ತೋರಿಸುವ ಏರ್ಪಾಡಿದೆ. ಬೆಂಗಳೂರಿನಲ್ಲಿ ಕುಳಿತವರಿಗೆ ಇದು ಉಪಚಾರವೆಂದೇ ತೋರಿರಬೇಕು. 1956ರ ನವೆಂಬರ್ 1ರಂದು ಎಳೆದ ಗೆರೆಯ ಈಚೆಗೆ ಕನ್ನಡ ಓದುವವರಿದ್ದಾರೆಂಬುದು ಆ ಏರ್ಪಾಡಿಗೆ ತಿಳಿಯದು. ಭಾಷೆ ಬದಲಿಸುವ ಗುಂಡಿ ಪುಟದ ತೀರ ಕೆಳಗೆ ಒಂದು ಭೂಗೋಳದ ಚಿತ್ರವಾಗಿ ಅಡಗಿತ್ತು. ಅದನ್ನು ತಾವಾಗಿ ಕಂಡುಕೊಂಡವರು ಒಬ್ಬರೂ ಇಲ್ಲ. ಗಿರಾಕಿಗಳೊಡನೆ ತುಳು, ಮಲಯಾಳ, ಬ್ಯಾರಿ, ಕೊಂಕಣಿಗಳಲ್ಲಿ ಸರಾಗವಾಗಿ ವ್ಯವಹರಿಸುವ ಈ ವ್ಯಾಪಾರಿಗಳು ಓದಲು ಕಲಿತದ್ದು ನಮ್ಮದರಂಥ ಶಾಲೆಗಳಲ್ಲಿ. ಒಬ್ಬರು ಮಲಯಾಳ ಲಿಪಿಯನ್ನು ಕೂಡಿಸಿ ಕೂಡಿಸಿ ಓದಿ, ಕೊನೆಗೆ ಮೊಮ್ಮಗನನ್ನು ಕರೆದರು. ಇನ್ನೊಬ್ಬರು "ಇದು ನಮಗಲ್ಲ" ಎಂದು ಮೊಬೈಲನ್ನು ಮಗುಚಿಟ್ಟರು. ಇವರೆಲ್ಲರೂ ಸಂಸ್ಥೆಯ ಲೆಕ್ಕದಲ್ಲಿ ಮಲಯಾಳ ಪುಟದ ಓದುಗರಾಗಿ ದಾಖಲಾದವರು. ಕನ್ನಡ ಬೇಡವೆಂದು ಯಾರೂ ಹೇಳಿರಲಿಲ್ಲ, ಕೇಳಿದವರೂ ಇರಲಿಲ್ಲ.

ಎರಡನೆಯ ಕೆಲಸದಲ್ಲಿ ಕಂಡ ತೊಡಕು ಗಡಿನಾಡಿನದೇ. ಜಾಲತಾಣದಲ್ಲಿದ್ದ ಮಾದರಿ ಬಿಲ್ಲುಗಳೆಲ್ಲ ಒಂದೇ ರಾಜ್ಯದೊಳಗಿನ ವ್ಯಾಪಾರದವು. ನಮ್ಮವರಿಗೆ ಮಂಗಳೂರೇ ಪೇಟೆ. ಅಲ್ಲಿಂದ ಬರುವ ಬಿಲ್ಲಿನಲ್ಲಿ ಮಾರಿದವರ ಜಿಎಸ್‌ಟಿ ಸಂಖ್ಯೆ 29ರಿಂದ ಆರಂಭ, ನಮ್ಮದು 32ರಿಂದ. ಶೇಕಡಾ 5ರ ಸಾಮಾನಿಗೆ ಅಲ್ಲಿಂದ ತರುವಾಗ ಅಂತಾರಾಜ್ಯ ತೆರಿಗೆ ಐಜಿಎಸ್‌ಟಿ ಇಡಿಯಾಗಿ ಶೇಕಡಾ 5. ಅದನ್ನೇ ಕುಂಜತ್ತೂರಿನಲ್ಲಿ ಮಾರುವಾಗ ಕೇಂದ್ರಕ್ಕೆ ಎರಡೂವರೆ, ಕೇರಳಕ್ಕೆ ಎರಡೂವರೆ. ಬೇರೆಡೆ ದೊಡ್ಡ ವರ್ತಕರ ವ್ಯವಹಾರವೆನಿಸುವ ಅಂತಾರಾಜ್ಯ ಖರೀದಿ ಇಲ್ಲಿ ಬೆಳಗಿನ ಬಸ್ಸಿನಲ್ಲಿ ಹೋಗಿ ಮಧ್ಯಾಹ್ನ ಮರಳುವ ಕೆಲಸ. ಇದನ್ನು ಈ ತಂತ್ರಾಂಶ ಸರಿಯಾಗಿಯೇ ಲೆಕ್ಕ ಹಾಕುತ್ತದೆ. ಜಾಲತಾಣ ಮಾತ್ರ ಆ ವಿಷಯವನ್ನು ಎಲ್ಲಿಯೂ ಹೇಳುವುದಿಲ್ಲ.

ಭೂಗೋಳದ ಗುಂಡಿಯನ್ನು ನಾವೇ ತೋರಿಸಿಕೊಟ್ಟ ಮೇಲೆ ತೆರೆದ ಕನ್ನಡ ಪುಟದಲ್ಲಿ ಪದಗಳ ತಕರಾರು ಬಂತು. ಬಾಕಿ ಇಟ್ಟ ಗಿರಾಕಿಗಳನ್ನು ಅದು "ಋಣಿಗಳು" ಎಂದು ಕರೆದಿತ್ತು. "ಇದು ಬ್ಯಾಂಕಿನ ಸಾಲವೋ?" ಎಂದು ಬಟ್ಟೆ ಅಂಗಡಿಯವರು ಕೇಳಿದರು. "ಬಾಕಿ" ಎಂದರೆ ಸಾಕು ಎಂದು ನಾವು ಬರೆದೆವು. ಆದರೆ "ಬೆಲೆ" ಇದ್ದಲ್ಲಿ "ಕ್ರಯ" ಇರಲೆಂದ ಸಲಹೆಯನ್ನು ನಾವು ಬೆಂಬಲಿಸಲಿಲ್ಲ. ನಮಗೆ ಕ್ರಯ ನಿತ್ಯದ ಮಾತು. ಘಟ್ಟದ ಮೇಲಿನವರಿಗೆ ಅದು ಜಮೀನಿನ ಕ್ರಯಪತ್ರವನ್ನು ನೆನಪಿಸುತ್ತದೆ. ಕೇಳಿದ್ದನ್ನೆಲ್ಲ ತೂಗದೆ ದಾಟಿಸುವುದಾದರೆ ಅಂಚೆಯವರು ಸಾಕು, ನಾವು ಬೇಡ.

ಎರಡು ಪುಟದ ವರದಿಯಲ್ಲಿ ವ್ಯಾಪಾರಿಗಳು ಏನು ಮಾಡಿದರು, ಎಲ್ಲಿ ನಿಂತರು ಎಂಬುದನ್ನಷ್ಟೇ ಬರೆದೆವು. ಬಣ್ಣದ ಚರ್ಚೆಯನ್ನು ಬಿಟ್ಟೆವು. ರಾಜ್ಯ ನೋಡಿ ಭಾಷೆಯನ್ನು ಊಹಿಸುವುದು ಬೇಡ, ಭಾಷೆಗಳ ಹೆಸರುಗಳನ್ನು ಅವುಗಳದೇ ಲಿಪಿಯಲ್ಲಿ ಪುಟದ ನೆತ್ತಿಯಲ್ಲಿ ಇಡಿ ಎಂದು ಕೇಳಿಕೊಂಡೆವು. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿಯ ಆಸರೆಯಿದೆ. ಖಾಸಗಿ ಜಾಲತಾಣದ ಮಟ್ಟಿಗೆ ಅಂಥ ಆಸರೆಯಿಲ್ಲ. ಅಲ್ಲಿ ಬಳಸುವವರು ಬಾಯಿಬಿಟ್ಟು ಹೇಳಿದಷ್ಟೇ.

ಸಂಸ್ಥೆಯಿಂದ ಉತ್ತರ ಬಂದಿದೆ. "ಕನ್ನಡ" ಎಂಬ ಮೂರಕ್ಷರ ಈಗ ಪುಟದ ಮೇಲ್ಭಾಗದಲ್ಲಿ ಕಾಣುತ್ತದೆ. ಕನ್ನಡ ಪುಟಗಳನ್ನು ಒಂದು ವರ್ಷ ಉಳಿಸಿ, ಓದುವವರನ್ನು ಮತ್ತೆ ಎಣಿಸಿ ತೀರ್ಮಾನಿಸುವುದಾಗಿ ಹೇಳಿದ್ದಾರೆ. ಮಂಗಳೂರಿನ ಖರೀದಿಗೆ ಮಾದರಿಯಾಗಿ ಇಲ್ಲಿಯದೇ ಒಂದು ಬಿಲ್ಲನ್ನು ಕೇಳಿದ್ದಾರೆ. ಹೆಸರು, ಸಂಖ್ಯೆಗಳನ್ನು ಅಳಿಸಿ ಅಂಥ ಪ್ರತಿಯನ್ನು ಕೊಡಬಲ್ಲ ವ್ಯಾಪಾರಿಗಳು ಈ ಸಭೆಯಲ್ಲಿದ್ದರೆ, ಊಟದ ಬಳಿಕ ನಮ್ಮನ್ನು ಕಾಣಬೇಕಾಗಿ ವಿನಂತಿ.