ಮಾತೋ, ಆಡಿದವರ ಬಣ್ಣವೋ?

ಮುಖ ನೋಡಿ ಮಣೆ ಹಾಕುವುದು ಎಂಬ ಮಾತು ನಮ್ಮಲ್ಲಿದೆ. ಮಣೆಗೆ ಮಾತ್ರವಲ್ಲ, ಭಾಷಣಕ್ಕೂ ಇದು ಸಲ್ಲುತ್ತದೆ. ಅನ್ಯಾಯದ ಸಂಗತಿಯನ್ನು ಉಂಡವರು ಹೇಳಿದರೆ ಒಂದು ಬೆಲೆ. ದೂರದಿಂದ ಕಂಡವರು ಹೇಳಿದರೆ ಇನ್ನೊಂದು ಬೆಲೆ. ಅಮೆರಿಕದ ಚರಿತ್ರೆಯಲ್ಲಿ ಇದಕ್ಕೆ ಸ್ಪಷ್ಟ ನಿದರ್ಶನಗಳಿವೆ.

ಫ್ರೆಡರಿಕ್ ಡಗ್ಲಾಸ್ ಮೇರಿಲ್ಯಾಂಡಿನಲ್ಲಿ ಗುಲಾಮರಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು ಉತ್ತರದ ಸೀಮೆಗೆ ಬಂದವರು. 1841ರಲ್ಲಿ ನಾಂಟಕೆಟ್ ದ್ವೀಪದ ಸಭೆಯೊಂದರಲ್ಲಿ ಅವರ ಮಾತು ಕೇಳಿ, ಗುಲಾಮಗಿರಿಯ ವಿರೋಧಿಗಳು ಅವರನ್ನು ಉಪನ್ಯಾಸಕರನ್ನಾಗಿ ನೇಮಿಸಿಕೊಂಡರು. ಆದರೆ ಬಿಳಿಯ ಮಿತ್ರರು ಒಂದು ಗೆರೆ ಎಳೆದರು: ನೀವು ಪಟ್ಟ ಪಾಡನ್ನು ಹೇಳಿದರೆ ಸಾಕು, ತತ್ತ್ವವಿಚಾರ ನಮಗಿರಲಿ. ಮಾತಿನಲ್ಲಿ ತೋಟದಾಳಿನ ಸೊಗಡು ತುಸು ಉಳಿದಿರಲಿ ಎಂಬ ಸಲಹೆಯೂ ಬಂತು. ಹೀಗೆಂದವರು ಶತ್ರುಗಳಲ್ಲ, ಹಿತೈಷಿಗಳು! ಇಷ್ಟು ಸೊಗಸಾಗಿ ಮಾತನಾಡುವವನು ಗುಲಾಮನಾಗಿದ್ದಿರಲಾರನೆಂದು ಸಭಿಕರು ಗೊಣಗತೊಡಗಿದ್ದರು. ತೊದಲಿದರೆ ಅಜ್ಞಾನಿ, ನಿರರ್ಗಳವಾಗಿ ನುಡಿದರೆ ಸುಳ್ಳುಗಾರ!

ಸಂಶಯ ನೀಗಲು ಡಗ್ಲಾಸ್ 1845ರಲ್ಲಿ ಯಜಮಾನರ ಹೆಸರು, ಊರುಗಳ ಸಮೇತ ಆತ್ಮಕಥೆ ಪ್ರಕಟಿಸಿದರು. ಅದಕ್ಕೂ ಇಬ್ಬರು ಬಿಳಿಯರ ಮುನ್ನುಡಿಯ ಸಾಕ್ಷಿ ಬೇಕಾಯಿತು. ಗುಟ್ಟು ಬಯಲಾದುದರಿಂದ ಹಿಡಿದೊಯ್ಯುವ ಭಯ ಹುಟ್ಟಿ, ಅದೇ ವರ್ಷ ಅವರು ಬ್ರಿಟನ್ನಿಗೆ ಹೋಗಬೇಕಾಯಿತು. ನಂಬಿಸಲು ತೆತ್ತ ಬೆಲೆ ಇದು.

ನೂರು ವರ್ಷಗಳ ಮೇಲೂ ಸ್ಥಿತಿ ಪೂರ್ತಿ ಬದಲಾಗಿರಲಿಲ್ಲ. ಟೆಕ್ಸಾಸಿನ ಬಿಳಿಯ ಲೇಖಕ ಜಾನ್ ಹೋವರ್ಡ್ ಗ್ರಿಫಿನ್ 1959ರಲ್ಲಿ ಔಷಧದಿಂದ ಮೈಬಣ್ಣ ಕಪ್ಪಾಗಿಸಿಕೊಂಡು ದಕ್ಷಿಣದ ರಾಜ್ಯಗಳಲ್ಲಿ ಕೆಲವು ವಾರ ಸಂಚರಿಸಿದರು. 1961ರಲ್ಲಿ ಬಂದ ಅವರ ಪುಸ್ತಕ ಬಹಳ ಜನಪ್ರಿಯವಾಯಿತು. ಅದಕ್ಕಾಗಿ ಅವರು ಬೆದರಿಕೆಗಳನ್ನೂ ಎದುರಿಸಿದರು, ನಿಜ. ಆದರೆ ಅವರು ಹೇಳಿದ್ದು ಕರಿಯ ಜನ ತಲೆಮಾರುಗಳಿಂದ ಹೇಳುತ್ತಿದ್ದುದನ್ನೇ. ಮುಂದೆ ಊರೂರಿನ ಬಿಳಿಯ ಮುಖಂಡರು, ನಮ್ಮಲ್ಲಿನ ಕರಿಯರಿಗೆ ಏನು ಬೇಕೆಂದು ಗ್ರಿಫಿನ್ ಅವರನ್ನೇ ವಿಚಾರಿಸುತ್ತಿದ್ದರು. ಉತ್ತರ ಹೇಳಬಲ್ಲವರು ಅದೇ ಊರಿನಲ್ಲಿದ್ದರು! ಈ ಸೋಜಿಗವನ್ನು ಗ್ರಿಫಿನ್ ತಾವೇ ಎತ್ತಿ ತೋರಿಸಿದರು.

ಹೀಗೇಕೆ? ನೊಂದವನಿಗೆ ಸ್ವಾರ್ಥವಿದೆ, ನೋಯದವನು ನಿಷ್ಪಕ್ಷಪಾತಿ ಎಂದು ಕೇಳುಗರು ಮೊದಲೇ ಎಣಿಸಿರುತ್ತಾರೆ. ಆದರೆ ಮುಳ್ಳು ತುಳಿದವನಿಗಿಂತ ಮುಳ್ಳಿನ ಜಾಗವನ್ನು ಬಲ್ಲವರು ಯಾರು? ಅನ್ಯರು ದನಿಗೂಡಿಸುವುದು ಒಳ್ಳೆಯದೇ. ಅವರ ದನಿ ನೊಂದವರ ದನಿಗೆ ಬದಲಿಯಾಗಬಾರದು, ಅಷ್ಟೆ.

ರೇಡಿಯೋದಲ್ಲಿ ಮಾತನಾಡುವವರ ಮುಖ ಕಾಣದು. ಆದರೂ ಹೆಸರು, ಉಚ್ಚಾರಣೆಗಳಿಂದ ನಾವು ಮನಸ್ಸಿನಲ್ಲೇ ಒಂದು ಮುಖ ಬರೆದುಕೊಳ್ಳುತ್ತೇವೆ. ಮಾತನ್ನು ತಳ್ಳಿಹಾಕುವ ಮುನ್ನ, ಇದನ್ನೇ ಬೇರೊಬ್ಬರು ಆಡಿದ್ದರೆ ಒಪ್ಪುತ್ತಿದ್ದೆವೇ ಎಂದು ಕೇಳಿಕೊಂಡರೆ ನ್ಯಾಯಕ್ಕೆ ಅಷ್ಟು ಸಮೀಪವಾದೇವು.