ಕಾಯಿದೆ ಪುಸ್ತಕ ಕಾಯುವವರು



ದೇಶದೇಶಗಳ ನಡುವಣ ಕಾನೂನಿಗೂ ಸಾಗರ, ಹೊಸನಗರ, ತೀರ್ಥಹಳ್ಳಿಗಳಿಗೂ ಏನು ನಂಟು ಎಂದು ನೀವು ಕೇಳಬಹುದು. ನಂಟು ಹಳೆಯದು. ಕೆಳದಿ, ಇಕ್ಕೇರಿಗಳು ಇಂದಿನ ಸಾಗರ ತಾಲ್ಲೂಕಿನವು, ಬಿದನೂರು ಹೊಸನಗರದ್ದು, ಕವಲೇದುರ್ಗ ತೀರ್ಥಹಳ್ಳಿಯದು. ಇಲ್ಲಿಂದ ಆಳಿದ ನಾಯಕರು 1678ರಲ್ಲಿ, ಚೆನ್ನಮ್ಮಾಜಿಯ ಕಾಲದಲ್ಲಿ, ಮತ್ತೆ 1714ರಲ್ಲಿ ಗೋವೆಯ ಪೋರ್ಚುಗೀಸರೊಡನೆ ಲಿಖಿತ ಒಪ್ಪಂದ ಮಾಡಿಕೊಂಡರು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ಆ ಒಪ್ಪಂದಗಳ ವಿವರವನ್ನು ಇತಿಹಾಸಕಾರರು ಮುಖ್ಯವಾಗಿ ಪೋರ್ಚುಗೀಸರ ದಾಖಲೆಗಳಿಂದಲೇ ತಿಳಿದಿದ್ದಾರೆ. ಒಪ್ಪಂದ ಇಬ್ಬರದು, ಉಳಿದದ್ದು ಕಾಗದ ಕಾಪಾಡಿದವನ ಮಾತು.

ಕಾಗದದ ಬೆಲೆಯನ್ನು ನಮ್ಮ ಸೀಮೆಯ ಗೇಣಿದಾರನೂ ಬಲ್ಲ. 1951ರಲ್ಲಿ ಕಾಗೋಡಿನಲ್ಲಿ ಸತ್ಯಾಗ್ರಹ ಹೂಡಿದವರಿಗೆ ನೆಲದ ಹಕ್ಕು ಕೈಗೂಡುವ ದಾರಿ ತೆರೆದದ್ದು 1974ರ ಭೂಸುಧಾರಣೆಯಿಂದ. ಆಗಲೂ 7ನೆಯ ನಮೂನೆಯ ಅರ್ಜಿಯೊಂದು ಬೇಕಾಯಿತು.

ಇಂದು ಆ ಕಾಗದದ ಕೊಂಡಿ ಕಡಲಾಚೆಗೂ ಚಾಚಿದೆ. ನಮ್ಮ ಹೊಳೆದಂಡೆಯ ಅಪ್ಪೆಮಿಡಿಯನ್ನೇ ನೋಡಿ. ಅದರ ಹೆಸರಿಗೆ ಭೌಗೋಳಿಕ ಸೂಚನೆಯ ರಕ್ಷಣೆ ಇದೆ. ಆ ರಕ್ಷಣೆಗೆ ಆಧಾರ 1999ರ ಭಾರತೀಯ ಕಾಯಿದೆ. ಅದರ ಬೆನ್ನಿಗೆ 1994ರಲ್ಲಿ ಮೊರಾಕ್ಕೊ ದೇಶದ ಮರ್‍ರಾಕೇಶ್ ನಗರದಲ್ಲಿ ಸಹಿಯಾದ ವ್ಯಾಪಾರ ಒಪ್ಪಂದ. ಮಿಡಿಯ ಮರ ಜೀವವೈವಿಧ್ಯದ ಸೊತ್ತೂ ಹೌದು. 1992ರ ರಿಯೋ ಸಮ್ಮೇಳನದ ಒಡಂಬಡಿಕೆಯಿಂದ ನಮ್ಮ 2002ರ ಜೀವವೈವಿಧ್ಯ ಕಾಯಿದೆ ಬಂತು. ಅದರಿಂದ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿ ಬಂತು.

ಈ ಕೊಂಡಿಗಳನ್ನು ಹಿಡಿದು ತೋರಿಸಬೇಕಾದವನು ಕಾನೂನು ಗ್ರಂಥಪಾಲಕ. ಪುಸ್ತಕ ಎತ್ತಿಕೊಡುವುದಷ್ಟೇ ಅವನ ಕೆಲಸವಲ್ಲ. 2002ರ ಆ ಕಾಯಿದೆಗೆ 2023ರಲ್ಲಿ ತಿದ್ದುಪಡಿಯಾಗಿದೆ. ಅದನ್ನು ಗುರುತಿಸದೆ ಕಪಾಟಿನಲ್ಲಿಟ್ಟ ಹಳೆಯ ಪ್ರತಿ ಪುಸ್ತಕವಿಲ್ಲದ್ದಕ್ಕಿಂತ ಕೆಡುಕು. ಹಿಂದೆ ಗ್ರಂಥಪಾಲಕರು ತಿದ್ದುಪಡಿಯ ಚೀಟಿಗಳನ್ನು ಆಯಾ ಪುಟಕ್ಕೆ ಅಂಟಿಸುತ್ತಿದ್ದರು. ಇಂದು ಗಣಕಯಂತ್ರ ಕ್ಷಣದಲ್ಲಿ ನೂರು ಪಾಠಗಳನ್ನು ತೆರೆದಿಡುತ್ತದೆ. ಜಾರಿಯಲ್ಲಿರುವುದು ಯಾವುದು ಎಂದು ಹೇಳಲು ಈಗಲೂ ಬಲ್ಲವರೇ ಬೇಕು.

ಇನ್ನು ಭಾಷೆಯ ಮಾತು. ಆ ವ್ಯಾಪಾರ ಒಪ್ಪಂದದ ಅಧಿಕೃತ ಪಾಠಗಳು ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳಲ್ಲಿವೆ. ನಮ್ಮ ಉಚ್ಚ ನ್ಯಾಯಾಲಯದ ವ್ಯವಹಾರ ಇಂಗ್ಲಿಷಿನಲ್ಲಿ. ಮಿಡಿ ಕೊಯ್ಯುವವನ ಮಾತು ಕನ್ನಡ. ತನ್ನ ಮರದ ಮೇಲೆ ತನಗಿರುವ ಹಕ್ಕನ್ನು ಅವನು ಮತ್ತೊಬ್ಬರ ಬಾಯಿಂದಲೇ ಕೇಳಬೇಕೆಂದರೆ ಆ ಹಕ್ಕು ಅರ್ಧ ಮಾತ್ರ ಅವನದು.

1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ನಾವು ಗ್ರಂಥಾಲಯ ಕರ ತೆರುತ್ತೇವೆ. ಆದ್ದರಿಂದ ಹಕ್ಕಿನಿಂದಲೇ ಕೇಳೋಣ: ತಾಲ್ಲೂಕಿನ ಗ್ರಂಥಾಲಯದಲ್ಲಿ ಕಾನೂನಿಗೆಂದು ಒಂದು ಕಪಾಟಿರಲಿ, ಅದರಲ್ಲಿ ತಿದ್ದುಪಡಿ ಸೇರಿದ ಕಾಯಿದೆಗಳು, ಅವುಗಳ ಮೂಲವಾದ ಒಪ್ಪಂದಗಳು, ಪ್ರತಿಯೊಂದಕ್ಕೂ ತಿಳಿಗನ್ನಡದ ಸಾರ ಇರಲಿ. ವಕೀಲರ ಸಂಘಗಳು ಕೈಜೋಡಿಸಲಿ. ಕನ್ನಡದ ಅಧ್ಯಾಪಕರು ಪದಕೋಶ ಕಟ್ಟಿಕೊಡಲಿ. ಬಿದನೂರಿನ ಪಾಲಿನ ಕಾಗದ ನಮಗೆ ತಪ್ಪಿತು. ಮುಂದಿನವರ ಪಾಲಿನದನ್ನಾದರೂ ಉಳಿಸೋಣ.